ನಿಟ್ಟೂರಿಗೆ ಹೋದ ಕಾಳುದೋಸೆ

ಗುಬ್ಬಿಯ ಸಂತೆ ಮೈದಾನದ ಹಿಂದಿನ ಓಣಿಗೆ ಬೆಳಕು ಇನ್ನೂ ಸರಿಯಾಗಿ ಇಳಿದಿಲ್ಲ. ಕೊನೆಯ ಹೆಂಚಿನ ಮನೆಯಲ್ಲಿ ರೇವಮ್ಮ ಒಲೆಯ ಪಕ್ಕದ ಮೂಲೆಯಿಂದ ಒದ್ದೆ ಬಟ್ಟೆಯ ಗಂಟೊಂದನ್ನು ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಬಿಚ್ಚುವ ಮೊದಲು ಅದನ್ನು ಮೂಗಿನ ಹತ್ತಿರ ಹಿಡಿದು ಉಸಿರೆಳೆಯುತ್ತಾರೆ. ಹಸಿ ಮಣ್ಣಿನ ವಾಸನೆ ಬಂದರೆ ಸರಿ. ಹುಳಿ ವಾಸನೆ ಬಂದರೆ ಗಂಟು ನೇರ ಹಿತ್ತಲಿಗೆ ಹೋಗುತ್ತದೆ. ಇವತ್ತಿನದು ಸರಿಯಿದೆ. ಬಿಚ್ಚಿದರೆ ಹುರಳಿ, ಹೆಸರುಕಾಳು, ಅಲಸಂದೆ ಎಲ್ಲವೂ ಬಿಳಿ ಮೊಳಕೆ ಬಿಟ್ಟು, ಒಂದಕ್ಕೊಂದು ಹೆಣೆದುಕೊಂಡು, ಬಟ್ಟೆಯ ನೂಲಿಗೇ ಸಿಕ್ಕಿಕೊಂಡಿವೆ. ಅವರು ಒಂದು ಹುರಳಿಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ಹಲ್ಲಿಗೆ ಸಿಕ್ಕ ಕಾಳು ಏನು ಹೇಳಿತೋ, ತಲೆಯಾಡಿಸಿ ಎದ್ದು ನಿಲ್ಲುತ್ತಾರೆ.

ಹಿತ್ತಲ ಬಾಗಿಲಲ್ಲಿ ಒರಳಿನ ಮುಂದೆ ಅವರ ಗಂಡ ಪುಟ್ಟರಂಗಯ್ಯ ಆಗಲೇ ಕೂತಿದ್ದಾರೆ, ಎಡಗಾಲನ್ನು ಉದ್ದಕ್ಕೆ ಚಾಚಿಕೊಂಡು. ಆ ಕಾಲು ಮಡಚುವುದಿಲ್ಲ.

"ತತ್ತಾರೆ ಬೇಗ, ಬಿಸ್ಲು ಬಂದ್ಬುಡ್ತದೆ" ಅನ್ನುತ್ತಾರೆ.

"ಬಂದ್ರೆ ಏನ್ ಮಾಡೀರಿ, ಎದ್ದು ಓಡೋಗೀರಾ?" ಎಂದು ರೇವಮ್ಮ ಕಾಳನ್ನು ಒರಳಿಗೆ ಸುರಿಯುತ್ತಾರೆ. ಗುಂಡು ತಿರುಗತೊಡಗುತ್ತದೆ.

ಗಂಡಸು ಒರಳಿನ ಮುಂದೆ ಕೂತದ್ದು ಈ ಓಣಿಗೆ ಬಹಳ ದಿನ ನಗೆಯ ವಿಷಯವಾಗಿತ್ತು. ಎದುರು ಮನೆಯ ಗುಂಡಯ್ಯ ಹಲ್ಲುಜ್ಜುತ್ತಾ ಬಂದು ನಿಂತು, ಸೀರೆ ಒಂದು ಉಟ್ಟುಬಿಡಣ್ಣ ಅನ್ನುತ್ತಿದ್ದರಂತೆ. ಉಡ್ತೀನಿ, ನಿನ್ನ ಹೆಂಡತಿ ಹತ್ರ ಒಂದು ಈಸ್ಕೊಂಡು ಬಾ ಅಂತ ಪುಟ್ಟರಂಗಯ್ಯ ತಿರುಗಿಸಿ ಕೊಡುತ್ತಿದ್ದರು. ಹದಿನೈದು ವರ್ಷ ಆಯಿತು. ಈಗ ಗುಂಡು ತಿರುಗುವ ಸದ್ದು ಕೇಳಿಸದಿದ್ದರೆ ಗುಂಡಯ್ಯನವರೇ ಬಂದು, ಯಾಕೆ, ಹುಷಾರಿಲ್ವಾ ಎಂದು ಕೇಳುತ್ತಾರೆ.

ರೇವಮ್ಮ ಮಾಡುವುದು ಕಾಳುದೋಸೆ. ಇದಕ್ಕೆ ಹುದುಗು ಬೇಡ. ಉದ್ದು ಬೇಡ. ಅಕ್ಕಿ ಒಂದು ಹಿಡಿ, ಅದೂ ಕಾವಲಿಯಿಂದ ಸಲೀಸಾಗಿ ಏಳಲಿ ಎಂದು. ಉಳಿದದ್ದೆಲ್ಲ ಮೊಳಕೆ ಕಟ್ಟಿದ ಕಾಳು, ಜೊತೆಗೆ ನೆನೆಸಿದ ಕಡಲೆಕಾಯಿ ಬೀಜ, ಶುಂಠಿ, ಜೀರಿಗೆ. ಬಾಣಂತಿಯರಿಗಾದರೆ ಹಸಿಮೆಣಸಿನಕಾಯಿ ಬದಲು ಕರಿಮೆಣಸು, ಒಂದು ಹಿಡಿ ನುಗ್ಗೆಸೊಪ್ಪು. ತೆಂಗಿನ ಮಟ್ಟೆಯ ಉರಿಯಲ್ಲಿ ಕಾವಲಿ ಕಾದ ಮೇಲೆ ಈರುಳ್ಳಿ ಹೋಳಿನಿಂದ ಎಣ್ಣೆ ಸವರಿ, ಅಂಗೈ ದಪ್ಪಕ್ಕೆ ಹಿಟ್ಟು ಹುಯ್ದು, ತೆಳ್ಳಗೆ ಎಳೆಯದೆ ಮುಚ್ಚಳ ಮುಚ್ಚುತ್ತಾರೆ. ಅಂಚು ತಾನಾಗಿ ಬಿಡುವವರೆಗೆ ಮುಟ್ಟುವುದಿಲ್ಲ. ಬೆಂದ ದೋಸೆ ಹಸಿರೂ ಅಲ್ಲದ ಕಂದೂ ಅಲ್ಲದ ಬಣ್ಣಕ್ಕೆ ತಿರುಗಿರುತ್ತದೆ. ನೋಡಲು ಚಂದ ಅಂತ ಯಾರೂ ಹೇಳಲಾರರು. ತಿಂದರೆ ಕಾಯಿಚಟ್ನಿಯ ಜೊತೆ ಎರಡು ಸಾಕು, ಮಧ್ಯಾಹ್ನದವರೆಗೆ ಹೊಟ್ಟೆ ಕೇಳುವುದಿಲ್ಲ.

ಬಿಸಿಲು ಏರುವ ಹೊತ್ತಿಗೆ ನಲವತ್ತರ ಹತ್ತಿರ ದೋಸೆ ಆಗಿರುತ್ತದೆ. ಮುತ್ತುಗದ ಎಲೆಯಲ್ಲಿ ಸುತ್ತಿ ಇಟ್ಟಿದ್ದನ್ನು ಕೊಂಡೊಯ್ಯಲು ಒಬ್ಬೊಬ್ಬರೇ ಬರುತ್ತಾರೆ. ಹೆಚ್ಚಿನವು ಬಾಣಂತಿಯರ ಮನೆಗೆ. ಕೆಲವು ಕಾಯಿಲೆಯಿಂದ ಎದ್ದವರಿಗೆ. ಬೆಳಗಿನ ಬಸ್ಸಿಗೆ ಹೋಗುವ ಇಬ್ಬರು ಕೆಲಸಗಾರರೂ ಒಂದೊಂದು ಪೊಟ್ಟಣ ಕಟ್ಟಿಸಿಕೊಳ್ಳುತ್ತಾರೆ. ಬಹಳಷ್ಟು ಜನ ಕೊಡುವುದು ದುಡ್ಡಲ್ಲ, ಕಾಳು. ಹೊಲದಲ್ಲಿ ಬೆಳೆದ ಹುರಳಿಯನ್ನೋ ಅಲಸಂದೆಯನ್ನೋ ತಂದು ಸುರಿದು ಹೋಗುತ್ತಾರೆ, ರೇವಮ್ಮ ಅದರಿಂದ ದೋಸೆ ಮಾಡಿ ಕೊಟ್ಟು ಮಿಕ್ಕಿದ್ದನ್ನು ಮನೆಗೆ ಇಟ್ಟುಕೊಳ್ಳುತ್ತಾರೆ. ಮನೆ ನಡೆಯುವುದು ಹೀಗೆ. ಹೆರಿಗೆ ಆಸ್ಪತ್ರೆಯ ನರ್ಸಮ್ಮ ಒಮ್ಮೆ ದೋಸೆಯ ತುಂಡು ಮುರಿದು ತಿಂದು, ಇದರಲ್ಲಿ ಒಳ್ಳೆ ಪ್ರೋಟೀನ್ ಇದೆ ಕಣಮ್ಮ ಎಂದಿದ್ದರು. ರೇವಮ್ಮನಿಗೆ ಆ ಮಾತು ಇಷ್ಟವಾಗಿ ಅದನ್ನು ಬಾಯಲ್ಲಿ ಎರಡು ಸಲ ಹೇಳಿ ನೋಡಿದರಂತೆ. "ಅವ್ರು ಪ್ರೋಟೀನು ಅಂತಾರೆ. ನಮ್ ಕಡೆ ಕಸುವು ಅಂತೀವಿ. ಎರಡೂ ಒಂದೇ ಇರ್ಬೇಕು."

ಇಷ್ಟೆಲ್ಲ ಶುರುವಾದದ್ದು ಕುದುರೆಗಳಿಂದ.

ಹಾಗಲವಾಡಿಯಲ್ಲಿ ಹುಟ್ಟಿದ ರೇವಮ್ಮನನ್ನು ಕೊಟ್ಟಿದ್ದು ಕುಣಿಗಲ್ಲಿಗೆ. ಪುಟ್ಟರಂಗಯ್ಯನವರಿಗೆ ಅಲ್ಲಿನ ಕುದುರೆ ಫಾರಂನಲ್ಲಿ ಕೆಲಸ. ಲಾಯದ ಕುದುರೆಗಳಿಗೆ ಕಾಳು ನೆನೆಹಾಕುವುದು, ಬೇಯಿಸುವುದು, ಬೂಸ ಕಲಸಿ ಮುಂದಿಡುವುದು. ಕೆಲಸ ಮುಗಿಸಿ ಮನೆಗೆ ಬಂದರೆ ಮೈಯೆಲ್ಲ ಬೆಂದ ಹುರಳಿಯ ವಾಸನೆ. ಮಗಳು ಮಂಜುಳಾ ಹುಟ್ಟಿದಾಗ ರೇವಮ್ಮ ಬಾಣಂತನ ಮುಗಿಸುವ ಮೊದಲೇ ತವರಿನಿಂದ ಗಂಡನ ಮನೆಗೆ ಬಂದಿದ್ದರು. ಎಲ್ಲರ ಮನೆಯಂತೆ ಅವರಿಗೂ ಪಥ್ಯ. ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ಒಂದು ಚಮಚ ತುಪ್ಪ. ನೀರು ಕೂಡ ಕೇಳಿದಷ್ಟು ಸಿಗುತ್ತಿರಲಿಲ್ಲ. ಕಾಳಂತೂ ಮೂರು ತಿಂಗಳು ಕಣ್ಣಿಗೆ ಬೀಳುವಂತಿಲ್ಲ, ಕೂಸಿಗೆ ವಾಯುವಾಗುತ್ತದೆ.

ಅದೇ ವಾರ ಲಾಯದಲ್ಲಿ ಒಂದು ಕುದುರೆ ಮರಿ ಹಾಕಿತ್ತು. ಪುಟ್ಟರಂಗಯ್ಯ ದಿನಾ ಬಂದು, ಇವತ್ತು ಅದಕ್ಕೆ ಏನೇನು ಹಾಕಿದೆ, ಎಷ್ಟು ತಿಂತು, ಮರಿ ಹೆಂಗೆ ಕುಣಿಯಿತು ಎಂದು ಬಣ್ಣಿಸುತ್ತಿದ್ದರು. ಬೆಂದ ಹುರಳಿ, ಬೂಸ, ಮೇಲೆ ಬೆಲ್ಲ.

"ನಾನು ಮೆಣಸಿನ ಸಾರಲ್ಲಿ ಅನ್ನ ಕಲಸ್ಕೊಂಡು ಕೇಳ್ತಾ ಕೂತಿರ್ತಿದ್ದೆ" ಎನ್ನುತ್ತಾರೆ ರೇವಮ್ಮ. "ಹೊಟ್ಟೆ ಉರೀತಿತ್ತು. ಮೆಣಸಿಗೋ ಕುದುರೆಗೋ ಗೊತ್ತಿಲ್ಲ."

ಆ ಪ್ರಶ್ನೆ ಅವರ ತಲೆಯಿಂದ ಹೋಗಲಿಲ್ಲ. ಕುದುರೆಯ ಮರಿಗೆ ವಾಯು ಆಗುವುದಿಲ್ಲವೇ? ಆದರೆ ಯಾರನ್ನು ಕೇಳುವುದು? ಅತ್ತೆಯನ್ನು ಕೇಳಿದರೆ ನೀನೇನು ಕುದುರೆಯೇ ಅನ್ನುತ್ತಾರೆ. ಗಂಡನನ್ನು ಕೇಳಿದರೆ ನಗುತ್ತಾರೆ. ಇನ್ನೊಂದು ವಿಷಯವೂ ಅವರಿಗೆ ವಿಚಿತ್ರವಾಗಿ ಕಂಡಿತ್ತು. ಎತ್ತು ಇರುವ ಮನೆಗಳಲ್ಲೆಲ್ಲ ಹುರಳಿ ಬೇಯಿಸಿ, ಬಸಿದ ಕಟ್ಟಿನಲ್ಲಿ ಮನುಷ್ಯರು ಸಾರು ಮಾಡಿಕೊಂಡು, ಕಾಳನ್ನು ಎತ್ತಿಗೆ ಹಾಕುತ್ತಾರೆ. ತವರಿನಲ್ಲೂ ಹಾಗೆಯೇ. ಕಾಳೆಂದರೆ ಎತ್ತಿನದು ಎಂದು ಎಲ್ಲರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಎತ್ತಿನ ಪಾಲಿಗೆ ಕೈ ಹಾಕಿದವಳು ಅಂತ ನಾಳೆ ಯಾರಾದರೂ ಅಂದರೆ?

ಎಪ್ಪತ್ತೊಂದನೇ ಇಸವಿಯಲ್ಲಿ ಪುಟ್ಟರಂಗಯ್ಯನವರಿಗೆ ಕುದುರೆ ಒದೆಯಿತು. ಹಿಂದಿನಿಂದ ಹೋಗಬಾರದಿತ್ತು, ತಪ್ಪು ನಂದೇ ಎಂದು ಅವರು ಇವತ್ತಿಗೂ ಕುದುರೆಯ ಪಕ್ಷವೇ ವಹಿಸುತ್ತಾರೆ. ತೊಡೆಯ ಮೂಳೆ ಕೂಡಿಕೊಂಡಿತು, ಕಾಲು ಮಡಚದೆ ಉಳಿಯಿತು. ಲಾಯದ ಕೆಲಸ ಹೋದ ಮೇಲೆ ರೇವಮ್ಮನ ಸೋದರಮಾವನ ಈ ಹೆಂಚಿನ ಮನೆ ಖಾಲಿಯಿದೆ ಅಂತ ಗುಬ್ಬಿಗೆ ಬಂದರು. ಇಲ್ಲಿ ಎತ್ತಿರಲಿಲ್ಲ. ಹುರಳಿ ಬಸಿದರೆ ಕಾಳು ಹಾಗೇ ಉಳಿಯುತ್ತಿತ್ತು. ಆಗ ರೇವಮ್ಮ ಧೈರ್ಯ ಮಾಡಿದರು.

ಮೊದಲ ಸಲ ಬಸಿದ ಕಾಳನ್ನೇ ರುಬ್ಬಿ ದೋಸೆ ಹುಯ್ದರು. ಕಾವಲಿಯ ಮೇಲೆ ಅದು ಮರಳಿನ ಹಾಗೆ ಉದುರಿತು. ಸತ್ವವೆಲ್ಲ ಸಾರಿಗೆ ಹೋಗಿ ಕಾಳು ಬರೀ ಸಿಪ್ಪೆಯಾಗಿದೆ ಎಂದು ಅವರಿಗೆ ಹೊಳೆಯಲು ನಾಲ್ಕಾರು ದಿನ ಬೇಕಾಯಿತು. ಆಮೇಲೆ ಬೇಯಿಸದೆ ನೆನೆಸಿ ರುಬ್ಬಿದರು. ದೋಸೆ ಎದ್ದಿತು, ಆದರೆ ಬಾಯಿಗೆ ಕಹಿ, ತಿಂದ ಪುಟ್ಟರಂಗಯ್ಯನ ಹೊಟ್ಟೆ ದಿನವಿಡೀ ಗುಡುಗಿತು. ನನ್ನ ಮೇಲೆ ಪರೀಕ್ಷೆ ಮಾಡ್ತಾ ಇದೀಯಾ ಎಂದು ಅವರು ಕೇಳಿದರೆ, ಕುದುರೆ ಆಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ ಎಂದರಂತೆ ಈಕೆ. ಕೊನೆಗೊಂದು ದಿನ ಮೊಳಕೆ ಸಾರಿಗೆಂದು ಕಟ್ಟಿಟ್ಟ ಗಂಟಿನಿಂದ ಒಂದು ಬೊಗಸೆ ತೆಗೆದು ರುಬ್ಬಿದರು. ಕಹಿ ಇಲ್ಲ, ಗುಡುಗೂ ಇಲ್ಲ. ಯಾಕೆ ಹಾಗೆ ಎಂಬುದು ಅವರಿಗೆ ಇವತ್ತಿಗೂ ಕುತೂಹಲವೇ. "ಕಾಳು ಗಿಡ ಆಗಕ್ಕೆ ಹೊರಟಿರ್ತದಲ್ಲ, ಅದ್ರ ಗಮನ ಬೇರೆ ಕಡೆ ಇರ್ತದೆ. ನಮ್ ಹೊಟ್ಟೆ ಜೊತೆ ಜಗಳಕ್ಕೆ ಬರಲ್ಲ" ಎಂದು ತಾವೇ ಒಂದು ಉತ್ತರ ಕಟ್ಟಿಕೊಂಡಿದ್ದಾರೆ.

ಎಪ್ಪತ್ತಾರರಲ್ಲಿ ಮಂಜುಳಾ ಮೊದಲ ಹೆರಿಗೆಗೆ ತವರಿಗೆ ಬಂದಳು. ತಾಯಿ ಅವಳಿಗೆ ಈ ದೋಸೆ ಹಾಕಿದರು. ಹಾಲು ಚೆನ್ನಾಗಿ ಬಂತು, ಗಂಡುಮಗು ಗುಂಡಗೆ ಬೆಳೆಯಿತು. ಅದನ್ನು ಕಂಡ ಓಣಿಯ ಬಾಣಂತಿಯೊಬ್ಬಳು ಕದ್ದು ಬಂದು ತಿಂದಳು. ಅವಳಿಂದ ಇನ್ನೊಬ್ಬಳಿಗೆ. ಕುದುರೆ ದೋಸೆ ರೇವಮ್ಮ ಎಂಬ ಅಡ್ಡಹೆಸರೂ ಆಗಲೇ ಬಿದ್ದಿದ್ದು. ರೇವಮ್ಮನಿಗೆ ಅದರಿಂದ ಬೇಸರವೇನೂ ಆಗಲಿಲ್ಲ.

ಕಷ್ಟ ಬಂದಿದ್ದು ಎರಡನೆಯ ಹೆರಿಗೆಗೆ. ಮೊದಲನೆಯದು ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ ಎಂಬುದು ಈ ಕಡೆಯ ವಾಡಿಕೆ. ಮಂಜುಳಾಳ ಗಂಡನ ಮನೆ ನಿಟ್ಟೂರು. ತೆಂಗಿನ ತೋಟ, ಒಂದಷ್ಟು ರಾಗಿ ಹೊಲ, ಹಿರೇಹಳ್ಳಿಯ ವರ್ಕ್‌ಶಾಪಿಗೆ ಹೋಗಿಬರುವ ಅಳಿಯ. ಮನೆಯ ಯಜಮಾನಿಕೆ ಅಳಿಯನ ತಾಯಿ ರಂಗಲಕ್ಷ್ಮಮ್ಮನವರದು. ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಅಲ್ಲಿ ಹೆಣ್ಣುಮಗು ಹುಟ್ಟಿತು. ನೋಡಲು ಹೋದ ರೇವಮ್ಮ ಕೋಣೆಯ ಕತ್ತಲಲ್ಲಿ ಕಂಡದ್ದು ಮಗಳ ಒಣಗಿದ ತುಟಿ. ಕೂಸು ಚೀಪುತ್ತಿತ್ತು, ಬಿಡುತ್ತಿತ್ತು, ಅಳುತ್ತಿತ್ತು. ಅಳುವಿಗೂ ಅದಕ್ಕೆ ಶಕ್ತಿಯಿರಲಿಲ್ಲ. ಹಾಲು ಇಂಗುತ್ತಾ ಬಂದಿತ್ತು.

ಊರಿನ ಎಷ್ಟೋ ಹೆಣ್ಣುಮಕ್ಕಳಿಗೆ ದೋಸೆ ಕಟ್ಟಿ ಕಳಿಸುತ್ತಿದ್ದ ರೇವಮ್ಮನಿಗೆ ತಮ್ಮ ಮಗಳ ಬಾಯಿಗೆ ಒಂದು ತುತ್ತು ಹಾಕುವ ಹಕ್ಕು ಅಲ್ಲಿ ಇರಲಿಲ್ಲ. ಮೆಲ್ಲಗೆ ಕೇಳಿ ನೋಡಿದರು. ರಂಗಲಕ್ಷ್ಮಮ್ಮ ಗಟ್ಟಿದನಿಯವರಲ್ಲ, ನಿಧಾನವಾಗಿಯೇ ಹೇಳಿದರು. ನಮ್ಮ ಮನೆಯಲ್ಲಿ ಬಾಣಂತಿಗೆ ಮೂರು ತಿಂಗಳು ಕಾಳು ಸೇರಿಸುವುದಿಲ್ಲ ಬೀಗಿತ್ತಿ, ಬೇಜಾರು ಮಾಡಿಕೊಳ್ಳಬೇಡಿ. ಮಾತು ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ರೇವಮ್ಮ ಎಂಟು ದೋಸೆ ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದರು. ನಿಟ್ಟೂರಿನಲ್ಲಿ ಇಳಿದು ಬೀಗರ ಮನೆಗೆ ನಡೆದು, ಮನೆಯವರಿಗೆಲ್ಲ ಅಂತ ತಂದೆ ಎಂದು ಕೊಟ್ಟರು. ಬಾಣಂತಿಗೆ ಎಂಬ ಮಾತು ಎತ್ತಲಿಲ್ಲ. ಬೀಗರು ತಂದದ್ದನ್ನು ಬೇಡ ಅನ್ನುವ ಹಾಗಿಲ್ಲ. ರಂಗಲಕ್ಷ್ಮಮ್ಮ ಎರಡು ಕೈಯಲ್ಲಿ ಈಸಿಕೊಂಡು ಒಳಗಿಟ್ಟರು, ಕಾಫಿ ಕೊಟ್ಟರು. ರೇವಮ್ಮ ಕೂಸನ್ನು ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡು ವಾಪಸು ಬಂದರು. ಒಂದು ದಿನ ಬಿಟ್ಟು ಮತ್ತೆ ಹೋದರು. ಅವತ್ತು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ಕೊಟ್ಟಿಗೆಯ ಕಲಗಚ್ಚಿನ ಬಾನಿಯ ಪಕ್ಕ ಮುತ್ತುಗದ ಎಲೆ ಬಿದ್ದಿತ್ತು. ಎಲೆ ಚುಚ್ಚಿದ ಕಡ್ಡಿ ಅವರದೇ ಕೈಯದು. ಹೊಸದಾಗಿ ಕರು ಹಾಕಿದ ಹಸು ತಲೆ ಎತ್ತಿ ಅವರನ್ನು ನೋಡಿತು.

ಅನ್ನ ಬಿಸಾಡುವುದು ಪಾಪ. ಬೀಗರ ಮಾತು ಮೀರುವುದು ಮರ್ಯಾದೆಯಲ್ಲ. ಬಾಣಂತಿಗೆ ಹಾಕುವಂತಿಲ್ಲ. ಮನೆಯ ಮಿಕ್ಕವರಿಗೆ ಬಡಿಸಿ ವಾಸನೆ ಕೋಣೆಗೆ ಹೋದರೆ ಸೊಸೆ ಕೇಳಿಯಾಳು. ಇಷ್ಟೆಲ್ಲ ಯೋಚಿಸಿಯೇ ರಂಗಲಕ್ಷ್ಮಮ್ಮ ಅದನ್ನು ಹಸುವಿಗೆ ಹಾಕಿದ್ದರು. ರೇವಮ್ಮ ಎಲೆಯನ್ನು ಕಾಲಿನಿಂದ ಗೊಬ್ಬರದ ಕಡೆಗೆ ಸರಿಸಿ ಒಳಗೆ ಬಂದರು. ಕೋಣೆಯಲ್ಲಿ ಮಗಳು ತಾಯಿಯ ಮುಖ ನೋಡಿದಳು. ದೋಸೆಯ ವಾಸನೆ ಅವಳ ಮೂಗಿಗೂ ಬಡಿದಿತ್ತು. ಇಬ್ಬರೂ ಕೂಸಿನ ಕೂದಲ ಬಗ್ಗೆ ಮಾತಾಡಿದರು.

ಮನೆಗೆ ಬಂದು ಹೇಳಿದಾಗ ಪುಟ್ಟರಂಗಯ್ಯ ಕೆಂಡವಾದರು. ತಮ್ಮ ರಟ್ಟೆ ನೋಯಿಸಿಕೊಂಡು ರುಬ್ಬಿದ್ದು ಬೀಗರ ಹಸುವಿಗೋ ಎಂದು ಗುಂಡನ್ನು ನಿಲ್ಲಿಸಿಯೇಬಿಟ್ಟರು. ಆಮೇಲೆ ತಡೆಯಲಾರದೆ ಕೇಳಿದರಂತೆ: "ಹಸ ಹೆಂಗೆ ತಿಂತು?"

"ಬಾನಿ ತಳ ನೆಕ್ಕಿತ್ತು, ಬುಡಿ."

ಗುಂಡು ಮತ್ತೆ ತಿರುಗಿತು.

ರೇವಮ್ಮ ದೋಸೆ ಒಯ್ಯುವುದನ್ನು ನಿಲ್ಲಿಸಲಿಲ್ಲ. ದಿನ ಬಿಟ್ಟು ದಿನ ಅದೇ ರೈಲು, ಅದೇ ಎಂಟು ದೋಸೆ, ಅದೇ ಎರಡು ಕೈ. ಮಗಳ ಕೆನ್ನೆ ಒಳಕ್ಕೆ ಹೋಗುತ್ತಲೇ ಇತ್ತು. ಗೊತ್ತಿದ್ದೂ ಯಾಕೆ ಒಯ್ದಿರಿ ಎಂದು ಈಗ ಕೇಳಿದರೆ ಅವರು ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿ ಯೋಚಿಸುತ್ತಾರೆ. "ಜಗಳ ಆಡಿ ನಾನು ರೈಲು ಹತ್ತಿ ಬಂದ್ಬುಡ್ತೀನಿ. ಅಲ್ಲೇ ಇರ್ಬೇಕಾದೋಳು ಅವ್ಳು. ಇನ್ನ ತರೋದು ನಿಲ್ಸುದ್ರೆ, ನಂಗೆ ಗೊತ್ತಾಗಿದೆ ಅಂತ ಅವ್ರಿಗೆ ಗೊತ್ತಾಗ್ತಿತ್ತು. ಆಮೇಲೆ ಆ ಬಾಗ್ಲು ಮುಚ್ಕೊಂಡ್ಬುಡ್ತಿತ್ತು." ಇನ್ನೇನು ಮಾಡಬಹುದಿತ್ತು ಎಂಬುದು ಅವರಿಗೆ ಆಗಲೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಾ ಕೂರುತ್ತಿದ್ದರು. ಕೂಸು ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ಬಿಟ್ಟು ಬೇರೆ ಯೋಚನೆ ಬರುತ್ತಿರಲಿಲ್ಲ.

ಹೀಗೇ ಎರಡು ವಾರ ಕಳೆದಿರಬಹುದು. ಜಿಟಿಜಿಟಿ ಮಳೆಯ ಒಂದು ಬೆಳಗ್ಗೆ ರೇವಮ್ಮ ಹೋದಾಗ ರಂಗಲಕ್ಷ್ಮಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ಜಗಲಿಗೆ ಕರೆಯುವ ಬದಲು ಇಲ್ಲೇ ಬನ್ನಿ ಎಂದರು. ತಿರುಗಿ ನೋಡಲಿಲ್ಲ. ಚೊಂಬಿಗೆ ಹಾಲು ಬೀಳುವ ಸದ್ದಿನ ನಡುವೆಯೇ ಮಾತು ಬಂತು.

"ನೀವು ತಂದ ದೋಸೆ ನಾನು ಹಸೂಗೆ ಹಾಕಿದೀನಿ ಬೀಗಿತ್ತಿ."

"ಗೊತ್ತು."

ಸದ್ದು ನಿಂತಿತು. "ಗೊತ್ತಿದ್ದೂ ತಂದ್ರಾ?"

"ಮನೆಯೋರಿಗೆ ಅಂತ ತಂದಿದ್ದು. ಹಸಾನೂ ಮನೇದೇ ಅಲ್ವಾ."

ರಂಗಲಕ್ಷ್ಮಮ್ಮ ಚೊಂಬನ್ನು ಎತ್ತಿ ತೋರಿಸಿದರು. ನೊರೆ ಬಾಯಿಗೆ ಬಂದಿತ್ತು. ಹೋದ ಸಲ ಕರು ಹಾಕಿದಾಗ ಅರ್ಧ ಚೊಂಬು ದಾಟದ ಹಸು ಇದು ಎಂದರು. ಮಳೆ ಹೆಂಚಿನ ಮೇಲೆ ಬೀಳುತ್ತಿತ್ತು. ಒಳಗೆ ಕೂಸು ಅತ್ತು ಸುಮ್ಮನಾಯಿತು. ರೇವಮ್ಮ ಕೈಯಲ್ಲಿ ಗಂಟು ಹಿಡಿದುಕೊಂಡೇ ನಿಂತಿದ್ದರು. ಆಗ ತಾವು ಏನಾದರೂ ಅಂದಿದ್ದರೆ ಎಲ್ಲ ಕೆಟ್ಟುಹೋಗುತ್ತಿತ್ತು ಎಂದು ಅವರಿಗೆ ಅನ್ನಿಸುತ್ತದೆ.

"ನನ್ ಮೊದಲ್ನೇ ಕೂಸು ಹೆಣ್ಣು" ಎಂದರು ರಂಗಲಕ್ಷ್ಮಮ್ಮ, ಹಸುವಿನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು. "ಹಸಿವಾಯ್ತು ಅಂತ ಒಂದು ಹಿಡಿ ಅವರೆಕಾಳು ತಿಂದಿದ್ದೆ. ಎರಡು ದಿನಕ್ಕೆ ಕೂಸಿನ ಹೊಟ್ಟೆ ಉಬ್ಬರಿಸ್ತು. ಹೋಯ್ತು. ನಮ್ಮತ್ತೆ ಬೈಲಿಲ್ಲ, ಹೊಡೀಲಿಲ್ಲ. ಅವರೆಕಾಳು ತಿಂದೆಯಲ್ಲ ಅಂದ್ರು, ಅಷ್ಟೇ. ಅದಕ್ಕೇ ಹೋಯ್ತೋ ಏನೋ ಯಾರಿಗ್ ಗೊತ್ತು. ಈ ಕೂಸಿಗೆ ವಾಯು ಆದ್ರೆ ಏನ್ ಮಾಡ್ಲಿ?"

ಆಗುವುದಿಲ್ಲ ಎಂದು ರೇವಮ್ಮ ಹೇಳಲಿಲ್ಲ. ಹೇಳಲು ನನಗೇನು ಗೊತ್ತು ಎನ್ನುತ್ತಾರೆ. ಎಲೆ ಬಿಚ್ಚಿ ಒಂದು ದೋಸೆಯನ್ನು ರಂಗಲಕ್ಷ್ಮಮ್ಮನ ಮುಂದೆ ಹಿಡಿದರು. "ಮೊದ್ಲು ನೀವು ತಿನ್ನಿ. ಎರಡು ದಿನ ನಿಮ್ ಹೊಟ್ಟೆ ನೋಡ್ಕೊಳ್ಳಿ. ಆಮೇಲೆ ಅವ್ಳಿಗೆ ಅರ್ಧ ಕೊಡಿ, ಬ್ಯಾಡ ಅನ್ನುಸ್ದ್ರೆ ಹಸ ಹೆಂಗೂ ಅದೆ."

ರಂಗಲಕ್ಷ್ಮಮ್ಮ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ತಿಂದರು. ತಣ್ಣಗಾಗಿತ್ತು, ಚಟ್ನಿ ಇರಲಿಲ್ಲ. ಎರಡು ದಿನ ಬಿಟ್ಟು ರೇವಮ್ಮ ಹೋದಾಗ ಒಂದು ಷರತ್ತು ಕಾದಿತ್ತು. ಬೀಗರು ರೈಲಿನಲ್ಲಿ ದೋಸೆ ಹೊತ್ತು ತಂದರೆ ಬೀದಿಯವರು ಸೊಸೆಗೆ ಊಟ ಹಾಕುವುದಿಲ್ಲವೇ ಎಂದು ಕೇಳುತ್ತಾರೆ. ಅದರಿಂದ ಹಿಟ್ಟು ಈ ಮನೆಯ ಒರಳಿನಲ್ಲೇ ಆಗಬೇಕು, ಕೈ ತನ್ನದೇ ಆಗಬೇಕು. ರೇವಮ್ಮ ಒಪ್ಪಿ, ಮುಂದಿನ ಸಲ ಮೊಳಕೆಯ ಗಂಟು ಹೊತ್ತುಕೊಂಡು ಹೋದರು. ಹೇಗೆ ಕಟ್ಟುವುದು, ಹೇಗೆ ಮೂಸಿ ನೋಡುವುದು, ಯಾವಾಗ ಬಿಚ್ಚುವುದು ಎಲ್ಲ ಹೇಳಿಕೊಟ್ಟರು. ಅವತ್ತು ಮಂಜುಳಾ ತಿಂದದ್ದು ಅರ್ಧ ದೋಸೆ. ಆ ದಿನ ಪೂರ್ತಿ ಅತ್ತೆ ಕೂಸಿನ ಹೊಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ ಎಂದು ಮಂಜುಳಾ ಆಮೇಲೆ ತಾಯಿಗೆ ಹೇಳಿದಳು. ಕೂಸು ಅತ್ತಿತು, ಆದರೆ ಹಸಿವಿಗೆ. ಮಾರನೆಯ ದಿನ ಒಂದು. ವಾರ ಕಳೆಯುವಷ್ಟರಲ್ಲಿ ಎರಡು. ಕಾಳು ತಿಂದವಳಿಗೆ ಬಾಯಾರುತ್ತದೆ ಎಂದು ನೀರಿನ ಕಟ್ಟುಪಾಡೂ ಸಡಿಲವಾಯಿತು. ಅದರಿಂದಲೂ ಹಾಲು ಬಂದಿರಬೇಕು ಎನ್ನುತ್ತಾರೆ ರೇವಮ್ಮ, ಎಲ್ಲವನ್ನೂ ದೋಸೆಯ ಲೆಕ್ಕಕ್ಕೆ ಬರೆಯುವವರಲ್ಲ. ನಿಧಾನವಾಗಿ ಬಂತು. ತಿಂಗಳ ಕೊನೆಗೆ ಕೂಸು ಕುಡಿಯುತ್ತಾ ಕುಡಿಯುತ್ತಾ ನಿದ್ದೆ ಹೋಗುವಷ್ಟು ಬಂತು.

ಹಸುವಿನ ವಿಷಯಕ್ಕೆ ಪುಟ್ಟರಂಗಯ್ಯನವರ ಅಭಿಪ್ರಾಯ ಬೇರೆ. ಜಾನುವಾರಿನ ಮೇವು ಅವರಿಗೆ ತಿಳಿಯದ್ದಲ್ಲ. ದಿನ ಬಿಟ್ಟು ದಿನ ಎಂಟು ದೋಸೆ ತಿಂದು ಯಾವ ಹಸುವೂ ಚೊಂಬು ತುಂಬಿಸುವುದಿಲ್ಲ, ಆ ವರ್ಷ ಮಳೆ ಬಂದು ಹಸಿಹುಲ್ಲು ಮೊಣಕಾಲಿಗೆ ಎದ್ದಿತ್ತು ಎನ್ನುತ್ತಾರೆ. ರೇವಮ್ಮನಿಗೂ ಒಳಗೊಳಗೆ ಹಾಗೇ ಅನ್ನಿಸುತ್ತದೆ. ಈ ಮಾತು ನಿಟ್ಟೂರಿನವರೆಗೆ ಮಾತ್ರ ಯಾವತ್ತೂ ಹೋಗಿಲ್ಲ.

ಆ ಕೂಸು ಈಗ ಎರಡನೇ ಕ್ಲಾಸು. ಬೇಸಿಗೆ ರಜಕ್ಕೆ ಬಂದರೆ ಅಜ್ಜನ ಒರಳಿನ ಗುಂಡಿಗೆ ಜೋತುಬೀಳುತ್ತಾಳೆ.

ಈ ನಡುವೆ ರೇವಮ್ಮನನ್ನು ನರ್ಸಮ್ಮ ಒಮ್ಮೆ ತುಮಕೂರಿಗೂ ಕರೆದೊಯ್ದಿದ್ದರು. ಅಲ್ಲೊಂದು ಮಹಿಳಾ ಸಂಘದಲ್ಲಿ ದೋಸೆ ಮಾಡಿ ತೋರಿಸಬೇಕಿತ್ತು. ಹೆಂಗಸರು ಚೆನ್ನಾಗಿ ಮಾತಾಡಿಸಿದರು, ಮಿಕ್ಸಿಯಲ್ಲಿ ರುಬ್ಬಬಹುದೇ ಎಂದು ಕೇಳಿದರು. ಮಿಕ್ಸಿಯನ್ನು ಮೊದಲ ಸಲ ಹತ್ತಿರದಿಂದ ನೋಡಿದ ರೇವಮ್ಮ, ತಾನೇ ಒಂದು ಸಲ ತಿರುಗಿಸಿ ನೋಡಲೇ ಎಂದು ಕೇಳಿ, ಮುಚ್ಚಳ ಬಿಗಿ ಹಿಡಿದು ತಿರುಗಿಸಿದರು. ಹಿಟ್ಟು ನುಣ್ಣಗಾಯಿತು, ಮುಟ್ಟಿದರೆ ಬೆಚ್ಚಗಿತ್ತು. ಆಗ್ತದೆ, ಆದ್ರೆ ನಡುವೆ ನಿಲ್ಸಿ ನಿಲ್ಸಿ ಮಾಡ್ಬೇಕು ಎಂದು ಹೇಳಿ ಬಂದರು. ಮನೆಗೆ ಬಂದು ಗಂಡನಿಗೆ, ನಿಮ್ಮ ಕೆಲಸ ತಿನ್ನೋ ಮಷೀನು ನೋಡಿಬಂದೆ ಎಂದರಂತೆ. ಅದಕ್ಕೆ ಕಾಲು ನೋಯ್ತದಾ ಎಂದು ಪುಟ್ಟರಂಗಯ್ಯ ಕೇಳಿದರು.

ಹೋದ ವರ್ಷ ನಿಟ್ಟೂರಿನ ಹೊಸ ಮದುವಣಗಿತ್ತಿಯೊಬ್ಬಳು ಇದೇ ಓಣಿಯ ನೆಂಟರ ಮನೆಗೆ ಬಂದಿದ್ದಳು. ಮಾತಿನ ಮಲ್ಲಿ. ರೇವಮ್ಮನ ಜಗಲಿಯಲ್ಲಿ ಕೂತು, ಕಾಳಿನ ವಾಸನೆ ಹಿಡಿದು, ನಮ್ಮೂರಲ್ಲೂ ಇಂಥದೇ ಒಂದು ದೋಸೆ ಇದೆ ಕಣಮ್ಮ ಎಂದು ಶುರುಮಾಡಿದಳು. ರಂಗಲಕ್ಷ್ಮಮ್ಮನ ದೋಸೆ ಅಂತಾರೆ, ಅವರ ಮನೆತನದ್ದು, ಅವರಜ್ಜಿ ಕಾಲದಿಂದ ಬಂದದ್ದು, ನಮ್ಮ ಬೀದಿಯಲ್ಲಿ ಬಾಣಂತಿ ಆದರೆ ಅವರೇ ಬಂದು ಹೇಳಿಕೊಟ್ಟು ಹೋಗ್ತಾರೆ. ಒರಳಿನ ಮುಂದಿದ್ದ ಪುಟ್ಟರಂಗಯ್ಯ ಬಾಯಿ ತೆರೆದರು. ರೇವಮ್ಮ ಅವರ ಕಡೆ ನೋಡಿದರು. ಅವರು ಬಾಯಿ ಮುಚ್ಚಿ ಗುಂಡು ತಿರುಗಿಸಿದರು.

ಹುಡುಗಿ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ರೇವಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಅವಳ ಮುಂದೆ ಕೂತು ಕೇಳಿದರು. ಉಪ್ಪು ಯಾವಾಗ ಹಾಕಬೇಕು ಎಂದು ನಡುವೆ ವಿಚಾರಿಸಿದರು. ರುಬ್ಬಿ ಆದ ಮೇಲೆ, ಮೊದಲೇ ಹಾಕಿದರೆ ಹಿಟ್ಟು ನೀರಾಗ್ತದೆ ಎಂದಳು ಅವಳು. ಹೌದಾ ಎಂದರು ಇವರು. ಕೊನೆಯಲ್ಲಿ ಹುಡುಗಿ, ಒಂದು ಮುಖ್ಯ ಮರೆತೆ, ಹುಯ್ಯೋ ಮುಂಚೆ ಚಿಟಿಕೆ ಓಮ ಅಂಗೈಲಿ ಉಜ್ಜಿ ಹಾಕಬೇಕು, ಆಗ ಕೂಸಿಗೆ ವಾಯು ಹತ್ತಿರ ಸುಳಿಯಲ್ಲ, ಇದು ರಂಗಲಕ್ಷ್ಮಮ್ಮ ಖಡಾಖಂಡಿತ ಹೇಳ್ತಾರೆ ಎಂದಳು.

ರೇವಮ್ಮ ಇದನ್ನು ಹೇಳಿಕೊಟ್ಟಿರಲಿಲ್ಲ. ಅವರಿಗೆ ಹೊಳೆದೇ ಇರಲಿಲ್ಲ. ಆವತ್ತು ಮಧ್ಯಾಹ್ನವೇ ಮಾಡಿ ನೋಡಿದರು.

ಈಗ ಓಣಿಗೆ ಬಿಸಿಲು ಬಂದಿದೆ. ಆರು ದಿನದ ಬಾಣಂತಿಯೊಬ್ಬಳ ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ, ಮೊದಲ ಸಲ ಬಂದವರು, ಇನ್ನೂ ಅನುಮಾನ ಹೋಗಿಲ್ಲ. ರೇವಮ್ಮ ಅಂಗೈಯಲ್ಲಿ ಏನೋ ಉಜ್ಜಿ ಹಿಟ್ಟಿಗೆ ಉದುರಿಸುವುದನ್ನು ಕಂಡು, ಅದೇನಮ್ಮ ಹಾಕಿದ್ದು ಎಂದು ಕೇಳುತ್ತಾರೆ.

"ಓಮ ಕಣಕ್ಕ" ಎನ್ನುತ್ತಾರೆ ರೇವಮ್ಮ, ಸೌಟಿನಲ್ಲಿ ಹಿಟ್ಟು ತಿರುವುತ್ತಾ. "ನಿಟ್ಟೂರಲ್ಲಿ ಬಾಣಂತೀರಿಗೆ ಹಿಂಗೇ ಮಾಡ್ತಾರಂತೆ."